ತಬ್ಬಲಿ ಬೆಕ್ಕಿನ ಮರಿಗೆ ಬಾಟಲಿ ಬಿಡಿಸುವುದು

ತಾಯಿಯಿಲ್ಲದ ಮರಿಗಳನ್ನು ಸಾಕುತ್ತಿರುವವರಿಗೆ: 4 ವಾರ ತುಂಬುವ ಹೊತ್ತಿಗೆ ಮರಿ ನಿಪ್ಪಲ್ ಚೀಪುವುದು ಬಿಟ್ಟು ಕಚ್ಚತೊಡಗಿದರೆ ತಟ್ಟೆ ತೋರಿಸುವ ಕಾಲ ಬಂತು. ಹರಿದ ನಿಪ್ಪಲನ್ನು ಕೂಡಲೇ ಎಸೆಯಿರಿ, ತುಂಡು ನುಂಗಿಬಿಡುತ್ತವೆ.

ಬೆಕ್ಕಿನ ಮರಿಗಳ ಹಾಲಿನ ಪುಡಿ ಕಲಸಿ, ಅದಕ್ಕೆ ಕಿಟನ್ ವೆಟ್ ಫುಡ್ (ಬೆಕ್ಕಿನ ಮರಿಗಳಿಗೆಂದೇ ಸಿಗುವ ಮೆತ್ತನೆಯ ಹಸಿ ಆಹಾರ) ಸೇರಿಸಿ ತೆಳು ಗಂಜಿಯ ಹದಕ್ಕೆ ತನ್ನಿ. ಉಗುರುಬೆಚ್ಚಗಿರಲಿ. ಆಳದ ಬಟ್ಟಲು ಬೇಡ, ಚಪ್ಪಟೆ ತಟ್ಟೆ ಸಾಕು. ಮೊದಲು ಬೆರಳಿಗೆ ಹಚ್ಚಿ ನೆಕ್ಕಿಸಿ, ಮೆಲ್ಲಗೆ ಬೆರಳನ್ನು ತಟ್ಟೆಯತ್ತ ಇಳಿಸಿ. ಮೂತಿ ಹಿಡಿದು ಅದ್ದಲೇಬೇಡಿ. ಗಂಜಿ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಆಗಬಹುದು. ತಟ್ಟೆಯೊಳಗೇ ಓಡಾಡಿ ಮೈಯೆಲ್ಲ ಮೆತ್ತಿಕೊಳ್ಳುತ್ತವೆ, ಅದಕ್ಕೇನೂ ಮಾಡೋಕಾಗಲ್ಲ! ಬೆಚ್ಚಗಿನ ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿಸಿ.

ಬಾಟಲಿಯನ್ನು ಒಂದೇ ಸಲ ನಿಲ್ಲಿಸಬೇಡಿ. ಮೊದಲು ತಟ್ಟೆ, ಹೊಟ್ಟೆ ತುಂಬದಿದ್ದರೆ ಬಾಟಲಿ. ರಾತ್ರಿಯದನ್ನು ಕೊನೆಗೆ ಬಿಡಿಸಿ. ದಿನಾ ಅಡುಗೆಮನೆ ತಕ್ಕಡಿಯಲ್ಲಿ ತೂಗಿ: ದಿನಕ್ಕೆ 10 ಗ್ರಾಂ ಆದರೂ ಏರಬೇಕು. ತೂಕ ನಿಂತರೆ ಮತ್ತೆ ಬಾಟಲಿ, ಮುಲಾಜಿಲ್ಲದೆ.

ಹಸುವಿನ ಹಾಲು, ಹಾಲನ್ನ ಹಾಕುವ ರೂಢಿ ನಮ್ಮಲ್ಲಿ ಜಾಸ್ತಿ. ಈ ವಯಸ್ಸಿಗೆ ಅದರಿಂದ ಭೇದಿಯಾಗುವುದೇ ಹೆಚ್ಚು. ಭೇದಿಯಾಗಿ ಮರಿ ಮಂಕಾದರೆ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಪಶುವೈದ್ಯರ ಹತ್ತಿರ ಒಯ್ಯಿರಿ.