ಕಾಯಿಲ್ ಎರಡೇ ದಿನಕ್ಕೆ ಕಪ್ಪಾಗುತ್ತಿತ್ತು: ದೋಷ ಇದ್ದದ್ದು ಫ್ಲೇವರ್‌ನಲ್ಲಿ

ಮನೆಯಲ್ಲೇ ಬೆರೆಸಿದ ವೇಪ್ (ಇ-ಸಿಗರೇಟ್) ದ್ರವ ಮೊದಲ ದಿನ ಸರಿಯಿರುತ್ತಿತ್ತು. ಎರಡನೇ ದಿನಕ್ಕೆ ಸುಟ್ಟ ಸಕ್ಕರೆಯ ರುಚಿ, ದ್ರವವನ್ನು ಕಾಯಿಸಿ ಆವಿ ಮಾಡುವ ತಂತಿ ಸುರುಳಿಯ, ಅಂದರೆ ಕಾಯಿಲ್‌ನ, ಮೇಲೆ ಕರಿ ಪದರ.

ವ್ಯಾಟ್ ಇಳಿಸಿದರೂ, ಕಾಯಿಲ್‌ಗೆ ದ್ರವ ಹೀರಿಕೊಡುವ ಹತ್ತಿ ಬದಲಿಸಿದರೂ, ವಿಜಿ (ಮಂದವಾದ ವೆಜಿಟೆಬಲ್ ಗ್ಲಿಸರಿನ್) ಪ್ರಮಾಣ ತಗ್ಗಿಸಿದರೂ ಪ್ರಯೋಜನವಾಗಲಿಲ್ಲ. ಬೆರೆಸಿದ ದ್ರವವನ್ನು ಬಾಟಲಿಯಲ್ಲೇ ಎರಡು ವಾರ ಬಿಟ್ಟದ್ದಂತೂ ವ್ಯರ್ಥ. ಅದರಿಂದ ರುಚಿ ಹದವಾಗಬಹುದು, ಕರಿ ನಿಲ್ಲುವುದಿಲ್ಲ.

ಕಾರಣ ಸುಕ್ರಲೋಸ್ ಎಂಬ ಕೃತಕ ಸಿಹಿಕಾರಕ. ಅದು ಆವಿಯಾಗದೆ ಕಾಯಿಲ್ ಮೇಲೇ ಉಳಿದು ಸುಡುತ್ತದೆ. ಕೆಲವು ಕಾನ್ಸಂಟ್ರೇಟ್‌ಗಳಲ್ಲಿ (ಸಾಂದ್ರ ಫ್ಲೇವರ್‌ಗಳಲ್ಲಿ) ಸಿಹಿ ಮೊದಲೇ ಸೇರಿರುತ್ತದೆ, ಹೆಸರಿನಿಂದ ಅದು ತಿಳಿಯುವುದಿಲ್ಲ. ನನ್ನ ಮಿಶ್ರಣದಲ್ಲಿ ಅಂಥವು ಎರಡಿದ್ದವು, ಮೇಲೆ ಬೇರೆ ಸ್ವೀಟ್ನರ್ ಕೂಡ.

ಪತ್ತೆಗೆ ಪ್ರತಿ ಫ್ಲೇವರನ್ನೂ ಒಂಟಿಯಾಗಿ ಪರೀಕ್ಷಿಸಬೇಕು. 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ಮೊದಲು ಫ್ಲೇವರ್ 0.3 ಗ್ರಾಂ, ಆಮೇಲೆ ಪಿಜಿ (ತೆಳುವಾದ ಪ್ರೊಪಿಲೀನ್ ಗ್ಲೈಕಾಲ್) 2.7, ಕೊನೆಗೆ ವಿಜಿ 7 ಗ್ರಾಂ. ನಿಕೋಟಿನ್ ಬೇಡ. ಹನಿ ಎಣಿಸಬೇಡಿ, ಹನಿಯ ಗಾತ್ರ ಡ್ರಾಪರ್‌ನಿಂದ ಡ್ರಾಪರ್‌ಗೆ ಬೇರೆ. ಪ್ರತಿ ಸಲ ಹೊಸ ಹತ್ತಿ, ತೊಳೆದ ಕಾಯಿಲ್, ಅದೇ ವ್ಯಾಟ್. 5 ಮಿಲಿ ಮುಗಿದ ಮೇಲೆ ಕಾಯಿಲ್ ನೋಡಿ: ಕರಿ ಕಟ್ಟಿಸಿದ್ದನ್ನು ಕೈಬಿಡಿ. ಗಾಢ ಬಣ್ಣದ ಕಾಫಿ, ಚಾಕೊಲೇಟ್ ಫ್ಲೇವರ್‌ಗಳು ಸಿಹಿಯಿಲ್ಲದೆಯೂ ಸ್ವಲ್ಪ ಕರಿ ಬಿಡುತ್ತವೆ. ಅವನ್ನು ಕೈಬಿಡುವ ಬದಲು ಪ್ರಮಾಣ ಇಳಿಸಿ ನೋಡಿ.

ಎಣ್ಣೆ ಆಧಾರಿತ ಅಡುಗೆ ಎಸೆನ್ಸ್ ಪರೀಕ್ಷೆಗೂ ಬೇಡ, ಎಣ್ಣೆಯ ಆವಿ ಶ್ವಾಸಕೋಶಕ್ಕೆ ಅಪಾಯ. ಬೆಣ್ಣೆ, ಕಸ್ಟರ್ಡ್ ರುಚಿಗಳಲ್ಲಿ ಶ್ವಾಸಕೋಶಕ್ಕೆ ಹಾನಿಕರವಾದ ಡೈಅಸಿಟೈಲ್, ಅಸಿಟೈಲ್ ಪ್ರೊಪಿಯೊನಿಲ್ ರಾಸಾಯನಿಕಗಳು ಇದ್ದರೆ ಅವೂ ಬೇಡ.