ಕೆಮಿಸ್ಟ್ರಿಯಲ್ಲಿ ಫೇಲಾದ ನಾನು ಕಾಳಿ ನದಿಯ ನೀರು ಅಳೆದೆ

ನನ್ನ ಬಿ.ಎಸ್‌ಸಿ. 51 ಪರ್ಸೆಂಟ್. ಕೆಮಿಸ್ಟ್ರಿಯ ಒಂದು ಪೇಪರ್ ಮೂರನೇ ಸಲಕ್ಕೆ ಪಾಸಾಯಿತು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ಪಿಯುಸಿಯನ್ನು ಬಾಯಿಪಾಠ ಮಾಡಿ ದಾಟಿದೆ, ಡಿಗ್ರಿಯಲ್ಲಿ ಅದು ನಡೆಯಲಿಲ್ಲ. ಪ್ರಾಕ್ಟಿಕಲ್‌ನಲ್ಲಿ ಒಂದು ಬ್ಯುರೆಟ್‌ಗೆ (ದ್ರಾವಣ ಹನಿ ಹನಿಯಾಗಿ ಬಿಟ್ಟು ಅಳೆಯುವ ಗಾಜಿನ ಕೊಳವೆ) ಆರು ಜನ. ಕೈ ಚುರುಕಿದ್ದವರು ಮಾಡುತ್ತಿದ್ದರು, ನಾನು ರೀಡಿಂಗ್ ಬರೆದುಕೊಳ್ಳುತ್ತಿದ್ದೆ.

ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗ ಇದೆ. ಅಲ್ಲಿ ಎಂ.ಎಸ್‌ಸಿ. ಸೀಟು ಸಿಕ್ಕಿತು. ಪಿಎಚ್‌ಡಿ ಆಸೆ ಹುಟ್ಟಿದ್ದೂ ಅಲ್ಲೇ. ಆದರೆ ಹಳೆ ಮಾರ್ಕ್ಸ್ ಕಾರ್ಡ್ ನೆನಪಾದರೆ ಧೈರ್ಯ ಕುಸಿಯುತ್ತಿತ್ತು. ಒಬ್ಬ ಸೀನಿಯರ್ ನಿಯಮ ಬಿಡಿಸಿ ಹೇಳಿದರು. ಪಿಎಚ್‌ಡಿಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕೇಳುವುದು ಎಂ.ಎಸ್‌ಸಿ.ಯಲ್ಲಿ 55 ಪರ್ಸೆಂಟ್, ಮೀಸಲಾತಿ ಇದ್ದವರಿಗೆ 5 ಕಡಿಮೆ. ಅಂದರೆ ಬಾಗಿಲು ಮುಚ್ಚಿರಲಿಲ್ಲ. ಆದರೂ ಸಂದರ್ಶನದಲ್ಲಿ ಆ ಕೆಮಿಸ್ಟ್ರಿ ಅಂಕ ಯಾರಾದರೂ ನೋಡಿಯೇ ನೋಡುತ್ತಾರೆ ಅಲ್ವಾ? ಬೇರೆ ವಿಷಯದಲ್ಲಿ ಎಷ್ಟೇ ಚೆನ್ನಾಗಿ ಮಾಡಿದರೂ ಅದಕ್ಕೆ ಉತ್ತರ ಆಗುವುದಿಲ್ಲ ಅನ್ನಿಸಿತು. ಕೆಮಿಸ್ಟ್ರಿಗೆ ಕೆಮಿಸ್ಟ್ರಿಯಲ್ಲೇ ಉತ್ತರ ಕೊಡಬೇಕಿತ್ತು.

ಮೊದಲು ಪಿಯುಸಿ ಪುಸ್ತಕ ತೆಗೆದೆ. ಮೋಲ್ ಅಂದರೇನು, ನಾರ್ಮಾಲಿಟಿ ಅಂದರೇನು, ಅಲ್ಲಿಂದ ಶುರು. ಒಂದೂವರೆ ತಿಂಗಳು ಬೆಳಿಗ್ಗೆ ಐದರಿಂದ ಏಳರವರೆಗೆ ಬರೀ ಲೆಕ್ಕ. ಓದಿದ್ದನ್ನು ಕನ್ನಡದಲ್ಲಿ ನನಗೆ ನಾನೇ ವಿವರಿಸಿಕೊಳ್ಳುತ್ತಿದ್ದೆ. ಎಲ್ಲಿ ಮಾತು ನಿಲ್ಲುತ್ತದೋ ಅಲ್ಲಿ ಅರ್ಥವಾಗಿಲ್ಲ ಅಂತ ಗೊತ್ತಾಗುತ್ತಿತ್ತು.

ಎಂ.ಎಸ್‌ಸಿ. 68 ಪರ್ಸೆಂಟಿಗೆ ಮುಗಿಯಿತು. ಆಮೇಲೆ ಒಂದು ಪ್ರಾಜೆಕ್ಟಿನಲ್ಲಿ ಸಹಾಯಕಿಯಾಗಿ ಸೇರಿದೆ. ಕಾಳಿ ನದಿ ಸಮುದ್ರ ಸೇರುವ ಅಳಿವೆಯ ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯುವ ಕೆಲಸ. ಟೈಟ್ರೇಶನ್ (ಬಲ ಗೊತ್ತಿರುವ ದ್ರಾವಣ ಹನಿ ಹನಿ ಹಾಕಿ ಅಳೆಯುವುದು) ಅಂದರೆ ಉಳಿದವರಿಗೆ ಬೇಸರ, ನಾನು ಕೇಳಿ ಪಡೆದುಕೊಂಡೆ.

ಅದು ವಿಂಕ್ಲರ್ ವಿಧಾನ, 1888ರದ್ದು. ಬಾಟಲಿಗೆ ನೀರು ತುಂಬುವಾಗ ಒಂದು ಗುಳ್ಳೆಯೂ ಒಳಗೆ ಹೋಗಬಾರದು. ದೋಣಿಯಲ್ಲೇ ಮ್ಯಾಂಗನೀಸ್ ಸಲ್ಫೇಟ್ ಹಾಕಿ, ಕ್ಷಾರದ ಅಯೊಡೈಡ್ ಹಾಕಿ ಮುಚ್ಚಬೇಕು. ಆಮ್ಲಜನಕ ಇದ್ದರೆ ಕಂದು ಬಣ್ಣದ ಗಸಿ ಕೂರುತ್ತದೆ. ಲ್ಯಾಬಿಗೆ ತಂದು ಸಲ್ಫ್ಯೂರಿಕ್ ಆಮ್ಲ ಹಾಕಿದರೆ ಗಸಿ ಕರಗಿ ಅಯೊಡಿನ್ ಹೊರಬರುತ್ತದೆ. ಅದನ್ನು ಥಯೋಸಲ್ಫೇಟಿನಿಂದ ಅಳೆಯುವುದು. ಬಣ್ಣ ಒಣಹುಲ್ಲಿನಷ್ಟು ತಿಳಿಯಾದ ಮೇಲೆಯೇ ಗಂಜಿ ದ್ರಾವಣ ಹಾಕಬೇಕು, ನಾನು ಮೊದಮೊದಲು ಆತುರಪಟ್ಟು ಮುಂಚೆಯೇ ಹಾಕುತ್ತಿದ್ದೆ. ಆಮೇಲೆ ನೀಲಿ ಬಣ್ಣ. ಕೊನೆಯ ಹನಿಗೆ ಆ ನೀಲಿ ಮಾಯ. 200 ಮಿಲಿ ನೀರು ತೆಗೆದುಕೊಂಡು, ಥಯೋಸಲ್ಫೇಟಿನ ಬಲ 0.025 ನಾರ್ಮಲ್ ಇದ್ದರೆ, ಖರ್ಚಾದ ಪ್ರತಿ ಮಿಲಿಯೂ ಲೀಟರಿಗೆ 1 ಮಿಲಿಗ್ರಾಂ ಆಮ್ಲಜನಕ. ಇದು ಯಾಕೆ ಹೀಗೆ ಅಂತ ಕಾಗದದ ಮೇಲೆ ಲೆಕ್ಕ ಬಿಡಿಸಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಡಿಗ್ರಿಯಲ್ಲಿ ಫೇಲಾದ ಪೇಪರಿನ ಅರ್ಧ ಭಾಗ ಆ ಒಂದು ಲೆಕ್ಕದಲ್ಲಿತ್ತು.

ಮೂರು ಜಾಗ: ಅಳಿವೆ ಬಾಯಿ, ಸದಾಶಿವಗಡದ ಹಳೆ ಸೇತುವೆ ಹತ್ತಿರ, ಮೇಲೆ ಕಿನ್ನರದ ಕಡೆ. (ಆ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದು ಬಿತ್ತು. ಸುದ್ದಿ ನೋಡಿ ಕೈ ನಡುಗಿತು.) ಹದಿನೈದು ದಿನಕ್ಕೊಮ್ಮೆ ಹೋಗುತ್ತಿದ್ದೆವು. ಮೇಲಿನ ನೀರು, ತಳದ ನೀರು, ಪ್ರತಿಯೊಂದಕ್ಕೂ ಎರಡೆರಡು ಬಾಟಲಿ. ವರ್ಷದಲ್ಲಿ ಎರಡು ಸಲ ಮಳೆಗೆ ದೋಣಿ ಹೊರಡಲಿಲ್ಲ. ಉಳಿದ 22 ಸಲಕ್ಕೆ 264 ಬಾಟಲಿ. ಶುರುವಿನಲ್ಲಿ ಜೋಡಿ ಬಾಟಲಿಗಳ ನಡುವೆ ಖರ್ಚಾದ ಥಯೋಸಲ್ಫೇಟಿನಲ್ಲಿ 0.8 ಮಿಲಿ ವ್ಯತ್ಯಾಸ ಬರುತ್ತಿತ್ತು. ವರ್ಷದ ಕೊನೆಗೆ 0.1ಕ್ಕಿಂತ ಕಡಿಮೆ. ಕೆಟ್ಟ ರೀಡಿಂಗ್ ಕೂಡ ಹೊಡೆದು ಹಾಕದೆ ಪುಸ್ತಕದಲ್ಲಿ ಹಾಗೇ ಬಿಟ್ಟೆ.

ಪಿಎಚ್‌ಡಿ ಅರ್ಜಿಯ ಶಿಫಾರಸು ಪತ್ರಕ್ಕೆ ದೊಡ್ಡ ಹೆಸರಿನವರ ಹತ್ತಿರ ಹೋಗಬೇಡಿ. ನೀವು ಕೆಲಸ ಮಾಡುವುದನ್ನು ಕಣ್ಣಾರೆ ಕಂಡವರನ್ನು ಕೇಳಿ. ನಾನು ಆ ಪ್ರಾಜೆಕ್ಟಿನ ಮೇಡಂ ಹತ್ತಿರ ಕೇಳಿದೆ, ರೀಡಿಂಗ್ ಪುಸ್ತಕವನ್ನೂ ಕೊಟ್ಟೆ.

ನೆಟ್ (ಪಿಎಚ್‌ಡಿಗೂ ಉಪನ್ಯಾಸಕ ಹುದ್ದೆಗೂ ಅರ್ಹತೆ ನೋಡುವ ರಾಷ್ಟ್ರೀಯ ಪರೀಕ್ಷೆ) ಬಗ್ಗೆ ಜಾಸ್ತಿ ಹೇಳುವುದಿಲ್ಲ. ಲೈಫ್ ಸೈನ್ಸಸ್‌ನಲ್ಲಿ 200ಕ್ಕೆ 100 ಅಂಕ ಸಿ ಭಾಗದ್ದೇ: 75 ಪ್ರಶ್ನೆಯಲ್ಲಿ 25 ಉತ್ತರಿಸಬೇಕು, ತಪ್ಪಿಗೆ ಕಾಲು ಭಾಗ ಕಡಿತ. ಸುಮ್ನೆ ಊಹಿಸುವುದು ಬಿಟ್ಟ ಮೇಲೆ ನನ್ನ ಅಂಕ ಏರಿತು. ಮೂರನೇ ಸಲಕ್ಕೆ, 2024ರಲ್ಲಿ, ಜೆಆರ್‌ಎಫ್ (ಸಂಶೋಧನೆಗೆ ಕೊಡುವ ಫೆಲೋಶಿಪ್) ಸಿಗಲಿಲ್ಲ, ಪಿಎಚ್‌ಡಿ ಪ್ರವೇಶಕ್ಕೆ ಅರ್ಹತೆ ಸಿಕ್ಕಿತು. ಆ ವರ್ಷದಿಂದ ಹೀಗೆ ಅರ್ಹರಾದವರ ಪ್ರವೇಶದಲ್ಲಿ ನೆಟ್ ಅಂಕಕ್ಕೆ 70 ಪರ್ಸೆಂಟ್ ತೂಕ, ಸಂದರ್ಶನಕ್ಕೆ 30.

ಮೊದಲ ಸಂದರ್ಶನದಲ್ಲಿ ಹಳೆ ಅಂಕದ ಬಗ್ಗೆ ಕೇಳಿದರು. ಕನ್ನಡ ಮಾಧ್ಯಮ, ಆರು ಜನಕ್ಕೊಂದು ಬ್ಯುರೆಟ್, ಎಲ್ಲ ಹೇಳಿದೆ. ಎಲ್ಲವೂ ನಿಜ. ಆದರೆ ಐದು ನಿಮಿಷ ಅದರಲ್ಲೇ ಹೋಯಿತು, ಕಲಿತದ್ದನ್ನು ಹೇಳಲು ಸಮಯವೇ ಉಳಿಯಲಿಲ್ಲ. ಸೀಟು ಸಿಗಲಿಲ್ಲ. ಮನೆಗೆ ಬಂದು ಅರ್ಜಿಯ ಆ ಭಾಗವನ್ನು ಎರಡೇ ಸಾಲಿಗೆ ಇಳಿಸಿದೆ: "ಡಿಗ್ರಿಯಲ್ಲಿ ಕೆಮಿಸ್ಟ್ರಿ ನನಗೆ ಅರ್ಥವಾಗಿರಲಿಲ್ಲ. ಆಮೇಲೆ ಒಂದು ವರ್ಷ ಕಾಳಿ ಅಳಿವೆಯಲ್ಲಿ ಆಮ್ಲಜನಕ ಅಳೆದು ಕಲಿತೆ."

ಎರಡನೇ ಸಂದರ್ಶನದಲ್ಲಿ ಕೂತ ಕೂಡಲೇ ಒಬ್ಬರು ಶಿಫಾರಸು ಪತ್ರ ನೋಡುತ್ತಾ, "264 ಬಾಟಲಿ ಮಾಡಿದವರು ನೀವೇನಾ?" ಎಂದರು. ಥಯೋಸಲ್ಫೇಟ್ ದಿನ ಕಳೆದಂತೆ ದುರ್ಬಲ ಆಗುತ್ತದಲ್ಲ, ಏನು ಮಾಡಿದಿರಿ ಎಂದು ಕೇಳಿದರು. ಪ್ರತಿ ಸಲ ಬಲ ನಿಖರವಾಗಿ ಗೊತ್ತಿರುವ ಡೈಕ್ರೋಮೇಟ್ ದ್ರಾವಣ ಇಟ್ಟು ಥಯೋಸಲ್ಫೇಟಿನ ಬಲ ನೋಡಿಕೊಳ್ಳುತ್ತಿದ್ದೆ ಎಂದೆ. ಉಪ್ಪು ಹೆಚ್ಚಾದರೆ ಆಮ್ಲಜನಕ ಯಾಕೆ ಕಡಿಮೆ ಕರಗುತ್ತದೆ ಎಂದರು. 25 ಡಿಗ್ರಿಯಲ್ಲಿ ಸಿಹಿನೀರಿನಲ್ಲಿ ಲೀಟರಿಗೆ ಸುಮಾರು 8.2 ಮಿಲಿಗ್ರಾಂ, ಸಮುದ್ರದ ನೀರಿನಲ್ಲಿ 6.7ರ ಆಸುಪಾಸು ಎಂದು ಬೋರ್ಡಿನ ಮೇಲೆ ಗೆರೆ ಎಳೆದೆ. ಉಪ್ಪಿನ ಅಯಾನುಗಳು ನೀರಿನ ಅಣುಗಳನ್ನು ತಮ್ಮ ಸುತ್ತ ಹಿಡಿದಿಟ್ಟುಕೊಳ್ಳುತ್ತವೆ, ಅನಿಲಕ್ಕೆ ಜಾಗ ಉಳಿಯುವುದಿಲ್ಲ ಎಂದು ವಿವರಿಸಿದೆ. ಒಂದು ಶಬ್ದ ಇಂಗ್ಲಿಷಿನಲ್ಲಿ ಹೊಳೆಯಲಿಲ್ಲ, ಕನ್ನಡದಲ್ಲೇ ಹೇಳಿದೆ. ಒಬ್ಬರು ತಲೆಯಾಡಿಸಿ, ಮಳೆಗಾಲದಲ್ಲಿ ಕಾಳಿಯ ತಳದ ನೀರು ಹೇಗಿತ್ತು ಎಂದು ಕೇಳಿದರು. ನಾನು ರೀಡಿಂಗ್ ಪುಸ್ತಕದ ಜುಲೈ ಪುಟ ತೆರೆದು ಅವರ ಮುಂದೆ ಇಟ್ಟೆ.