ಹಳೇ ರೋಡ್ ಬೈಕ್ ಮತ್ತೆ ಕಟ್ಟುವ ಮುಂಚೆ ಒಂದು ಏರು ಹತ್ತಿ ಬನ್ನಿ

ಹಳೇ ಸ್ಟೀಲ್ ರೋಡ್ ಬೈಕ್ (ಗೇರ್ ಇರುವ ರೇಸ್ ಸೈಕಲ್) ಕೈಗೆ ಸಿಕ್ಕಿದ ದಿನವೇ ಸ್ಪ್ಯಾನರ್ ಹಿಡಿದು ಕೂರಬೇಡಿ. ಬ್ರೇಕ್ ಹಿಡಿಯುತ್ತದೆ, ಟಯರ್‌ನಲ್ಲಿ ಗಾಳಿ ನಿಲ್ಲುತ್ತದೆ ಅಂತಾದರೆ ಮೊದಲು ಅದನ್ನು ಒಂದು ಏರಿಗೆ ಕರೆದುಕೊಂಡು ಹೋಗಿ. ನೀವು ಮಾಮೂಲಿಯಾಗಿ ಹತ್ತುವ ಏರು, ಅದರಲ್ಲೂ ಅತಿ ಕಡಿದಾದ ಭಾಗ. ಅತಿ ಹಗುರದ ಗೇರ್‌ಗೆ ಹಾಕಿ, ಸೀಟಿನಿಂದ ಏಳದೆ ತುಳಿಯಿರಿ. 15 ಸೆಕೆಂಡಿನಲ್ಲಿ ಬಲಗಡೆ ಮಂಡಿ ಎಷ್ಟು ಸಲ ಮೇಲೆ ಬಂತು ಅಂತ ಎಣಿಸಿ. ನಾಲ್ಕರಿಂದ ಗುಣಿಸಿದರೆ ನಿಮಿಷಕ್ಕೆ ಎಷ್ಟು ಸುತ್ತು ಅಂತ ಸಿಗುತ್ತದೆ. ಅದನ್ನು ಒಂದು ಚೀಟಿಯಲ್ಲಿ ಬರೆದಿಡಿ. ಯಾವ ಕ್ರ್ಯಾಂಕ್ (ಪೆಡಲ್ ಮತ್ತು ಮುಂದಿನ ಹಲ್ಲುಚಕ್ರ ಕೂರುವ ತೋಳು), ಯಾವ ಗಾಲಿ, ಯಾವ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಅನ್ನುವುದನ್ನೆಲ್ಲ ಮುಂದೆ ಆ ಚೀಟಿಯೇ ಹೇಳುತ್ತದೆ.

ನಾನು ಮೊದಲ ಸಲ ಎಲ್ಲಾ ಉಲ್ಟಾ ಮಾಡಿದ್ದೆ. ಚೆಂದದ ಗಾಲಿ ಕಂಡಿತು, ತಂದೆ. ಅದು ಫ್ರೇಮಿನೊಳಗೆ ಕೂರಲಿಲ್ಲ. ಹೇಗೋ ಕೂರಿಸಿದ ಮೇಲೆ ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಹಳೇ ಡಿರೇಲರ್ ಸಾಲಲಿಲ್ಲ, ಅದನ್ನು ಬದಲಾಯಿಸಿದೆ, ಆಮೇಲೆ ಚೈನ್ ಸಾಲಲಿಲ್ಲ. ಕೊನೆಗೆ ಸೈಕಲ್ ಥಳಥಳ ಹೊಳೆಯಿತು, ಏರು ಬಂದಾಗ ಮಾತ್ರ ನಾನೇ ಅದನ್ನು ತಳ್ಳಿಕೊಂಡು ಹೋದೆ. ಮುಂದೆ ಇದ್ದ ಎರಡು ದೊಡ್ಡ ಹಲ್ಲುಚಕ್ರಗಳನ್ನು, 52 ಮತ್ತು 42 ಹಲ್ಲಿನವನ್ನು, ಮುಟ್ಟಿರಲೇ ಇಲ್ಲ ನೋಡಿ.

ಫ್ರೇಮ್ ಬದುಕಿದೆಯಾ?

ಬಣ್ಣ ಹೋಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಮೇಲಿನ ತುಕ್ಕೂ ಪರವಾಗಿಲ್ಲ. ನೋಡಬೇಕಾದ ಜಾಗ ಬೇರೆ. ಹ್ಯಾಂಡಲ್ ಕೂರುವ ಹೆಡ್ ಟ್ಯೂಬ್‌ನಿಂದ ಪೆಡಲ್ ಕಡೆಗೆ ಇಳಿಯುವ ಕೊಳವೆ ಇದೆಯಲ್ಲ, ಅದರ ಕೆಳಭಾಗದಲ್ಲಿ, ಹೆಡ್ ಟ್ಯೂಬ್‌ಗೆ ತೀರಾ ಹತ್ತಿರ ಬೆರಳು ಸವರಿ. ಸಣ್ಣ ಉಬ್ಬು ಸಿಕ್ಕರೆ, ಅಥವಾ ಬಣ್ಣ ಸುಕ್ಕುಗಟ್ಟಿದ ಹಾಗೆ ಕಂಡರೆ, ಆ ಸೈಕಲ್ ಎಲ್ಲೋ ಮುಂದಿನಿಂದ ಗುದ್ದಿಸಿಕೊಂಡಿದೆ. ಅದನ್ನು ಬಿಟ್ಟುಬಿಡಿ.

ಆಮೇಲೆ ಒಂದು ದಾರ ತಗೊಳ್ಳಿ. ಹಿಂದಿನ ಗಾಲಿ ಕೂರುವ ಎಡಗಡೆ ಡ್ರಾಪ್‌ಔಟ್‌ಗೆ ಕಟ್ಟಿ, ಹೆಡ್ ಟ್ಯೂಬ್ ಸುತ್ತಿಸಿ, ಬಲಗಡೆ ಡ್ರಾಪ್‌ಔಟ್‌ಗೆ ಬಿಗಿಯಾಗಿ ತನ್ನಿ. ಈಗ ಸೀಟ್ ಟ್ಯೂಬ್‌ನಿಂದ ದಾರಕ್ಕೆ ಎರಡೂ ಕಡೆ ಎಷ್ಟು ದೂರ ಅಂತ ಅಳೆಯಿರಿ. ಒಂದೋ ಎರಡೋ ಮಿ.ಮೀ. ಹೆಚ್ಚು ಕಡಿಮೆ ಇದ್ದರೆ ನಡೆಯುತ್ತದೆ. ಅದಕ್ಕಿಂತ ಜಾಸ್ತಿ ಇದ್ದರೆ ಹಿಂಭಾಗ ಒಂದು ಕಡೆಗೆ ವಾಲಿದೆ ಅಂತ ಅರ್ಥ.

ಇನ್ನೊಂದು ಪರೀಕ್ಷೆ: ಸೀಟ್‌ಪೋಸ್ಟ್ (ಸೀಟು ಕೂರುವ ಕಂಬ) ಮತ್ತು ಸ್ಟೆಮ್ (ಹ್ಯಾಂಡಲ್ ಹಿಡಿದಿರುವ ಕಂಬ) ಅಲುಗಾಡುತ್ತವಾ? ಸ್ಟೀಲ್ ಕೊಳವೆಯೊಳಗೆ ಅಲ್ಯೂಮಿನಿಯಂ ಪೋಸ್ಟ್ ವರ್ಷಗಟ್ಟಲೆ ಗ್ರೀಸ್ ಇಲ್ಲದೆ ಕೂತರೆ ಎರಡೂ ಒಂದಕ್ಕೊಂದು ಕಚ್ಚಿಕೊಂಡುಬಿಡುತ್ತವೆ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ನಾಲ್ಕೈದು ದಿನ ಕಾಯಬೇಕು, ಆಮೇಲೆ ತಿರುಗಿಸಿ ನೋಡಬೇಕು, ಮತ್ತೆ ಎಣ್ಣೆ, ಮತ್ತೆ ಕಾಯುವುದು. ಸ್ಟೆಮ್‌ಗೆ ಉಪಾಯ ಬೇರೆ. ಮೇಲಿನ ಬೋಲ್ಟನ್ನು ಪೂರ್ತಿ ತೆಗೆಯದೆ ಎರಡು ಮೂರು ಸುತ್ತು ಮಾತ್ರ ಸಡಿಲಿಸಿ, ಅದರ ತಲೆ ಮೇಲೆ ಮರದ ತುಂಡಿಟ್ಟು ಸುತ್ತಿಗೆಯಿಂದ ಒಂದೇಟು ಕೊಡಿ. ಒಳಗಿನ ಬೆಣೆ ಕೆಳಗಿಳಿದು ಸ್ಟೆಮ್ ಬಿಟ್ಟುಕೊಳ್ಳುತ್ತದೆ.

ಮೂರು ಅಳತೆ

ವರ್ನಿಯರ್ ಕ್ಯಾಲಿಪರ್ ಇದ್ದರೆ ಒಳ್ಳೆಯದು. ಮೊದಲನೆಯದು ಹಿಂದಿನ ಡ್ರಾಪ್‌ಔಟ್‌ಗಳ ನಡುವಿನ ಅಗಲ, ಒಳಗಿನಿಂದ ಒಳಗೆ. ಹಿಂದೆ 5 ಗೇರಿನ ಕಾಲದ್ದಾದರೆ ಸಾಮಾನ್ಯವಾಗಿ 120 ಮಿ.ಮೀ., 6 ಅಥವಾ 7 ಗೇರಿನದಾದರೆ 126, ಆಮೇಲೆ ಬಂದ 8ರಿಂದ 11 ಗೇರಿನ ರಿಮ್ ಬ್ರೇಕ್ ಸೈಕಲ್‌ಗಳಲ್ಲಿ 130. ಸ್ಟೀಲ್ ಫ್ರೇಮ್ 126 ಇದ್ದರೆ 130ರ ಗಾಲಿಯನ್ನು ಕೈಯಿಂದ ಸ್ವಲ್ಪ ಅಗಲಿಸಿ ಹಾಕಬಹುದು, ಒಂದೊಂದು ಕಡೆಗೆ ಬರೀ 2 ಮಿ.ಮೀ. ಅಷ್ಟೆ. 120ರಿಂದ 130ಕ್ಕೆ ಹೋಗಬೇಕಾದರೆ ಫ್ರೇಮನ್ನು ಬಗ್ಗಿಸಿ ಹೊಸ ಅಗಲಕ್ಕೆ ನಿಲ್ಲಿಸಬೇಕು, ಡ್ರಾಪ್‌ಔಟ್‌ಗಳನ್ನೂ ಮತ್ತೆ ಸಮಾನಾಂತರ ಮಾಡಬೇಕು. ಅದಕ್ಕೆ ಬೇಕಾದ ಉಪಕರಣ ಇರುವವರ ಕೈಗೆ ಕೊಡಿ. ಅಲ್ಯೂಮಿನಿಯಂ, ಕಾರ್ಬನ್ ಫ್ರೇಮ್‌ಗಳಲ್ಲಿ ಈ ಬಗ್ಗಿಸುವ ಆಟ ಬೇಡವೇ ಬೇಡ.

ಎರಡನೆಯದು ಗಾಲಿ. 27 ಇಂಚು ಮತ್ತು 700ಸಿ ಎರಡೂ ನೋಡುವುದಕ್ಕೆ ಒಂದೇ ಥರ, ಆದರೆ ಟಯರ್ ಕೂರುವ ಜಾಗದ ವ್ಯಾಸ 27 ಇಂಚಿನದು 630 ಮಿ.ಮೀ., 700ಸಿಯದು 622. ಟಯರ್ ಅದಲುಬದಲು ಆಗುವುದಿಲ್ಲ. 27 ತೆಗೆದು 700ಸಿ ಹಾಕಿದರೆ ರಿಮ್ 4 ಮಿ.ಮೀ. ಕೆಳಗೆ ಹೋಗುತ್ತದೆ. ಬ್ರೇಕ್ ಕಟ್ಟೆಯನ್ನು (ರಿಮ್ಮನ್ನು ಒತ್ತುವ ರಬ್ಬರ್) ಅಷ್ಟು ಇಳಿಸುವುದಕ್ಕೆ ಬ್ರೇಕ್‌ನಲ್ಲಿ ಜಾಗ ಇದೆಯಾ ಅಂತ ಈಗಲೇ ನೋಡಿಕೊಳ್ಳಿ.

ಮೂರನೆಯದು ಬಾಟಮ್ ಬ್ರಾಕೆಟ್ ಶೆಲ್‌ನ ಅಗಲ, ಅಂದರೆ ಎರಡು ಕ್ರ್ಯಾಂಕ್‌ಗಳ ನಡುವಿನ ಆಕ್ಸೆಲ್ ಕೂರುವ ಅಡ್ಡ ಕೊಳವೆಯ ಅಗಲ. ಜಾಸ್ತಿ ಜನ ಕೈ ಸುಟ್ಟುಕೊಳ್ಳುವುದು ಇಲ್ಲೇ. 68 ಮಿ.ಮೀ. ಇದ್ದರೆ ಹೆಚ್ಚಾಗಿ ಇಂಗ್ಲಿಷ್ ಥ್ರೆಡ್. ಅದರಲ್ಲಿ ಚೈನ್ ಇರುವ ಬಲಗಡೆಯ ಕಪ್ (ಶೆಲ್‌ಗೆ ತಿರುಗಿಸಿ ಕೂರಿಸುವ ಬೇರಿಂಗ್ ಬಟ್ಟಲು) ಉಲ್ಟಾ ಥ್ರೆಡ್, ಅಂದರೆ ಬಿಚ್ಚಬೇಕಾದರೆ ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಬೇಕು. 70 ಇದ್ದರೆ ಇಟಾಲಿಯನ್, ಎರಡೂ ಕಡೆ ಮಾಮೂಲಿ ಥ್ರೆಡ್. ಹಳೇ ಫ್ರೆಂಚ್ ಸೈಕಲ್‌ಗಳೂ 68ರ ಅಗಲದಲ್ಲೇ ಬರುತ್ತವೆ, ಥ್ರೆಡ್ ಮಾತ್ರ ಬೇರೆ. ಕಪ್ ಮೇಲೆ ಕೊರೆದಿರುವುದನ್ನು ಉಜ್ಜಿ ಓದಿ: 1.37 x 24 ಅಂದರೆ ಇಂಗ್ಲಿಷ್, 36 x 24 ಅಂದರೆ ಇಟಾಲಿಯನ್, 35 x 1 ಅಂದರೆ ಫ್ರೆಂಚ್ ಅಥವಾ ಸ್ವಿಸ್. ಫ್ರೆಂಚ್ ಸಿಕ್ಕಿತೋ, ಇರುವ ಕಪ್‌ಗಳನ್ನೇ ಜೋಪಾನ ಮಾಡಿ, ಬದಲಿ ಹುಡುಕುವುದು ಸುಲಭ ಇಲ್ಲ.

ಬಿಚ್ಚುವಾಗ

ಎಡ ಪೆಡಲ್ ಕೂಡ ಉಲ್ಟಾ ಥ್ರೆಡ್. ಕ್ರ್ಯಾಂಕ್ ಎಳೆಯುವ ಪುಲ್ಲರ್ ಹಾಕುವ ಮುಂಚೆ ಬೋಲ್ಟಿನ ಕೆಳಗಿನ ವಾಷರ್ ತೆಗೆದಿದ್ದೀರಾ ನೋಡಿ. ಅದು ಒಳಗೇ ಉಳಿದರೆ ಪುಲ್ಲರ್ ಕ್ರ್ಯಾಂಕಿನ ಥ್ರೆಡ್ಡನ್ನೇ ಕಿತ್ತುಕೊಂಡು ಬರುತ್ತದೆ.

ಫ್ರೀವೀಲ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಬಿಚ್ಚುವುದು ಮಾತ್ರ ಒಂದು ಕುಸ್ತಿ. ವರ್ಷಾನುಗಟ್ಟಲೆ ನೀವು ತುಳಿದ ಒಂದೊಂದು ತುಳಿತವೂ ಅದನ್ನು ಗಾಲಿಯ ನಡುವಿನ ಹಬ್‌ಗೆ ಇನ್ನಷ್ಟು ಬಿಗಿ ಮಾಡಿರುತ್ತದೆ. ಸ್ಪ್ಯಾನರ್ ಹಾಕಿ ಎಳೆದರೆ ಸ್ಪ್ಯಾನರ್ ಜಾರಿ ಗೆಣ್ಣು ಕಿತ್ತುಕೊಳ್ಳುತ್ತದೆ, ಅಷ್ಟೆ. ಹೀಗೆ ಮಾಡಿ: ಫ್ರೀವೀಲ್‌ಗೆ ಸರಿಯಾಗಿ ಕೂರುವ ರಿಮೂವರ್ ಇಟ್ಟು, ಅದು ಜಾರದ ಹಾಗೆ ಕ್ವಿಕ್ ರಿಲೀಸ್ ಕಡ್ಡಿಯಿಂದ (ಆಕ್ಸೆಲ್ ಒಳಗೆ ಹಾಯ್ದು ಗಾಲಿಯನ್ನು ಫ್ರೇಮಿಗೆ ಬಿಗಿಯುವ ಕಡ್ಡಿ) ಹಿಡಿಸಿ. ಗಾಲಿಯನ್ನು ಮಲಗಿಸಿ ರಿಮೂವರ್‌ನ ತಲೆಯನ್ನು ಬೆಂಚಿನ ವೈಸ್‌ಗೆ ಕಚ್ಚಿಸಿ. ಈಗ ರಿಮ್ಮನ್ನು ಎರಡೂ ಕೈಯಲ್ಲಿ ಲಾರಿ ಸ್ಟೀರಿಂಗ್ ಥರ ಹಿಡಿದು ಎಡಕ್ಕೆ ತಿರುಗಿಸಿ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಒಂದು ‘ಟಕ್’ ಅನ್ನುತ್ತದೆ, ಏನೋ ಮುರಿಯಿತು ಅಂತ ಎದೆ ಧಸಕ್ಕೆನ್ನುತ್ತದೆ, ಮುರಿದಿರುವುದಿಲ್ಲ. ಅಲ್ಲೇ ನಿಲ್ಲಿಸಿ ಕ್ವಿಕ್ ರಿಲೀಸ್ ಸಡಿಲಿಸಿ, ಇಲ್ಲದಿದ್ದರೆ ಮೇಲಕ್ಕೆ ಬರುವ ಫ್ರೀವೀಲ್ ಆ ಕಡ್ಡಿಯನ್ನು ಎಳೆದು ತುಂಡು ಮಾಡುತ್ತದೆ. ಹಾಂ, ಹಳೇ ರಿಮ್ ಎಸೆಯುವುದಾದರೂ ಫ್ರೀವೀಲ್ ತೆಗೆಯುವ ತನಕ ಗಾಲಿಯ ಕಡ್ಡಿಗಳನ್ನು (ಸ್ಪೋಕ್) ಕತ್ತರಿಸಬೇಡಿ. ರಿಮ್ ಹೋದ ಮೇಲೆ ಹಿಡಿಯುವುದಕ್ಕೆ ಏನೂ ಉಳಿಯುವುದಿಲ್ಲ.

ಬೇರಿಂಗ್ ಗುಂಡುಗಳನ್ನು ಬಿಚ್ಚುವಾಗಲೇ ಎಣಿಸಿ. ಸಾಮಾನ್ಯವಾಗಿ ಹಿಂದಿನ ಹಬ್‌ನಲ್ಲಿ ಒಂದೊಂದು ಕಡೆಗೆ 9, ಮುಂದಿನದರಲ್ಲಿ ಒಂದೊಂದು ಕಡೆಗೆ 10. ಗುಂಡು ಹೊಸದು ಹಾಕಿ, ಗ್ರೀಸ್ ಧಾರಾಳವಾಗಿ ಹಾಕಿ. ಗುಂಡುಗಳನ್ನು ಒತ್ತಿ ಹಿಡಿಯುವ ಕೋನ್ ಬಿಗಿ ಮಾಡುವಾಗ ಒಂಚೂರು ಅಲುಗಾಟ ಉಳಿಸಿ, ಕ್ವಿಕ್ ರಿಲೀಸ್ ಬಿಗಿದಾಗ ಅದು ತಾನಾಗೇ ಹೋಗುತ್ತದೆ.

ಈಗ ಚೀಟಿ ತೆಗೆಯಿರಿ

15 ಸೆಕೆಂಡಿಗೆ 11 ಸಲ ಅಂತ ಬರೆದಿದ್ದೀರಿ ಅಂದುಕೊಳ್ಳೋಣ, ಅಂದರೆ ನಿಮಿಷಕ್ಕೆ 44. ಮುಂದೆ 42 ಹಲ್ಲು, ಹಿಂದೆ 24 ಇತ್ತು. 42ನ್ನು 24ರಿಂದ ಭಾಗಿಸಿದರೆ 1.75. ಒಂದು ಸುತ್ತು ತುಳಿದರೆ ಗಾಲಿ 1.75 ಸುತ್ತು ತಿರುಗುತ್ತದೆ ಅಂತ. 700ಸಿ ಗಾಲಿಯ ಸುತ್ತಳತೆ ಸುಮಾರು 2.1 ಮೀಟರ್, ಹಾಗಾಗಿ ನೀವು ಗಂಟೆಗೆ 9.7 ಕಿ.ಮೀ. ವೇಗದಲ್ಲಿ ಹತ್ತುತ್ತಿದ್ದಿರಿ. ಆ ವೇಗ ನಿಮ್ಮ ಕಾಲಿನ ಶಕ್ತಿ, ಅದು ಗೇರ್ ಬದಲಾಯಿಸಿದರೆ ಹೆಚ್ಚುವುದಿಲ್ಲ. ಆದರೆ ಅದೇ ವೇಗದಲ್ಲಿ 44ರ ಬದಲು 70 ಸುತ್ತು ತುಳಿದರೆ ಒಂದೊಂದು ತುಳಿತಕ್ಕೂ ಮಂಡಿ ಮೇಲಿನ ಒತ್ತಡ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕಡಿಮೆಯಾಗುತ್ತದೆ. ಲೆಕ್ಕ ಸುಲಭ: 1.75 ಗುಣಿಸು 44, ಭಾಗಿಸು 70. ಬರುವುದು 1.1. ಇದೇ ನಿಮಗೆ ಬೇಕಾದ ಅತಿ ಹಗುರದ ಗೇರ್.

ಮುಂದೆ 42 ಇಟ್ಟುಕೊಂಡೇ 1.1 ತರಬೇಕಾದರೆ ಹಿಂದೆ 38 ಹಲ್ಲು ಬೇಕು. ಹಳೇ ರೋಡ್ ಡಿರೇಲರ್‌ಗೆ ಅದು ಆಗದ ಮಾತು. ಹಾಗಾಗಿ ಮುಂದಿನ ಹಲ್ಲು ಇಳಿಯಲೇಬೇಕು. ಇಲ್ಲಿ ಕ್ರ್ಯಾಂಕ್ ಅಡ್ಡ ಬರುತ್ತದೆ. ಹಲ್ಲುಚಕ್ರದ ಐದು ಬೋಲ್ಟುಗಳು ಕೂತಿರುವ ವೃತ್ತದ ವ್ಯಾಸ 144 ಮಿ.ಮೀ. ಇದ್ದರೆ 41 ಹಲ್ಲಿಗಿಂತ ಚಿಕ್ಕದು ಕೂರುವುದಿಲ್ಲ. 130 ಇದ್ದರೆ 38ರವರೆಗೆ. 110 ಇದ್ದರೆ 34 ಆರಾಮಾಗಿ ಕೂರುತ್ತದೆ. ಹಳೇ ಕ್ರ್ಯಾಂಕ್ ಎಷ್ಟೇ ಚೆಂದ ಇದ್ದರೂ 144ರದ್ದಾದರೆ ಅದನ್ನು ಒರೆಸಿ ಪೆಟ್ಟಿಗೆಯಲ್ಲಿಡಿ. ಹೊಸದಾಗಿ ತರುವ ಕ್ರ್ಯಾಂಕಿಗೆ ಬಾಟಮ್ ಬ್ರಾಕೆಟ್ ಆಕ್ಸೆಲ್ ಉದ್ದ ಎಷ್ಟು ಬೇಕು ಅಂತ ಕೇಳಿಯೇ ತನ್ನಿ. ಮುಂದಿನ ಎರಡು ಹಲ್ಲುಚಕ್ರಗಳ ಮಧ್ಯಭಾಗ ಸೀಟ್ ಟ್ಯೂಬಿನ ಮಧ್ಯದಿಂದ ಸುಮಾರು 43.5 ಮಿ.ಮೀ. ದೂರ ಬಂದರೆ ಚೈನ್ ನೇರ ಓಡುತ್ತದೆ.

34ಕ್ಕೆ ಹಿಂದೆ 30 ಹಾಕಿದರೆ 1.13, 32 ಹಾಕಿದರೆ 1.06. ಎರಡರಲ್ಲಿ ಯಾವುದಾದರೂ ಸರಿ. ಹಳೇ ಥ್ರೆಡ್ ಫ್ರೀವೀಲ್ ಹಬ್ಬನ್ನೇ ಉಳಿಸಿಕೊಳ್ಳುವವರಿಗೆ 28 ಹಲ್ಲಿನದು ಸುಲಭವಾಗಿ ಸಿಗುತ್ತದೆ, 34ರ ಜೊತೆ ಅದು 1.21. ಅದೂ ಕೆಟ್ಟದ್ದಲ್ಲ.

ಇನ್ನು ದೊಡ್ಡ ಹಲ್ಲಿನ ವಿಷಯ. ಎಲ್ಲರೂ 50/34 ಹಾಕಿ ಅನ್ನುತ್ತಾರೆ. ನನಗೆ 46/34 ಇಷ್ಟ. 46ಕ್ಕೆ ಹಿಂದೆ 12 ಹಾಕಿ ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 43 ಕಿ.ಮೀ. ದಾಟುತ್ತದೆ. ಅದಕ್ಕಿಂತ ವೇಗವಾಗಿ ನಾನು ಹೋಗುವುದು ಇಳಿಜಾರಿನಲ್ಲಿ ಮಾತ್ರ, ಅಲ್ಲಿ ತುಳಿಯುವ ಕೆಲಸವೇ ಇಲ್ಲ. 50ರಿಂದ 34ಕ್ಕೆ ಒಮ್ಮೆಲೇ ಇಳಿದಾಗ ಕಾಲು ಗಾಳಿಯಲ್ಲಿ ತುಳಿದ ಹಾಗೆ ಆಗುತ್ತದಲ್ಲ, 46ರಿಂದ ಇಳಿದಾಗ ಅದು ಅಷ್ಟಾಗಿ ಗೊತ್ತಾಗುವುದಿಲ್ಲ. ಚಿಕ್ಕ ಗೇರ್ ಅಂದರೆ ಅವಮಾನ ಅನ್ನುವವರು ಇದ್ದೇ ಇರುತ್ತಾರೆ, ಇವತ್ತಿನ ಕಥೆಯಲ್ಲ ಇದು. ಟೂರ್ ಡಿ ಫ್ರಾನ್ಸ್‌ನಲ್ಲಿ ಡಿರೇಲರ್ ಬಳಸಲು ಬಿಟ್ಟಿದ್ದೇ 1937ರಲ್ಲಿ. ಅದಕ್ಕೆ ಮುಂಚೆ ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಗಾಲಿಯನ್ನೇ ತಿರುಗಿಸಿ ಹಾಕಿ, ಇನ್ನೊಂದು ಪಕ್ಕದ ಹಲ್ಲಿನಲ್ಲಿ ಹತ್ತುತ್ತಿದ್ದರು.

ಡಿರೇಲರ್ ತರುವ ಮುಂಚೆ ಇನ್ನೊಂದು ಲೆಕ್ಕ. ಮುಂದಿನ ಹಲ್ಲುಗಳ ವ್ಯತ್ಯಾಸಕ್ಕೆ ಹಿಂದಿನ ಹಲ್ಲುಗಳ ವ್ಯತ್ಯಾಸ ಕೂಡಿಸಿ. 46ರಲ್ಲಿ 34 ಕಳೆದರೆ 12. ಹಿಂದೆ 11–30 ಆದರೆ 19. ಒಟ್ಟು 31. ಡಿರೇಲರ್‌ನ ಸಾಮರ್ಥ್ಯ ಇದಕ್ಕಿಂತ ಕಡಿಮೆ ಇರಬಾರದು, ಅದು ತಾಳುವ ಅತಿ ದೊಡ್ಡ ಹಲ್ಲು 30ಕ್ಕಿಂತ ಕಡಿಮೆ ಇರಬಾರದು. ಹಳೇ ಗಿಡ್ಡ ಡಿರೇಲರ್‌ಗಳು ಇಲ್ಲಿ ಸೋಲುತ್ತವೆ, ಉದ್ದ ಕೇಜ್ (ಚೈನನ್ನು ಬಿಗಿಯಾಗಿ ಹಿಡಿಯುವ ತೋಳು) ಇರುವುದೇ ಬೇಕು.

ಗೇರ್ ಲಿವರ್ ಹಳೇ ಘರ್ಷಣೆಯದ್ದಾದರೆ, ಅಂದರೆ ‘ಕ್ಲಿಕ್’ ಅನ್ನದೆ ನೀವೇ ಅಂದಾಜಿನಲ್ಲಿ ಎಳೆಯುವಂಥದ್ದಾದರೆ, ನೀವು ಅದೃಷ್ಟವಂತರು. ಅದಕ್ಕೆ ಹಿಂದೆ 6 ಇದೆಯೋ 8 ಇದೆಯೋ, ಯಾವ ಕಂಪನಿಯದೋ ಒಂದೂ ಬೇಕಿಲ್ಲ. ಕ್ಲಿಕ್ ಲಿವರ್ ಆದರೆ ಲಿವರ್, ಡಿರೇಲರ್, ಕ್ಯಾಸೆಟ್ (ಹೊಸ ಥರದ ಹಬ್‌ನಲ್ಲಿ ಕೂರುವ ಹಿಂದಿನ ಹಲ್ಲುಚಕ್ರಗಳ ಗೊಂಚಲು) ಮೂರೂ ಒಂದಕ್ಕೊಂದು ಹೊಂದಬೇಕು. ನನ್ನ ಮಾತು ಕೇಳುವುದಾದರೆ 8 ಗೇರಿಗೆ ನಿಲ್ಲಿಸಿ. ಚೈನ್ ಗಟ್ಟಿ, ಹೊಂದಿಸುವುದು ಸುಲಭ.

ಮತ್ತೆ ಜೋಡಿಸುವುದು

ಬ್ರೇಕ್ ಕಟ್ಟೆ, ಬ್ರೇಕ್ ವೈರ್, ಗೇರ್ ವೈರ್ ಮೂರನ್ನೂ ಹೊಸದು ಹಾಕಿ. ಇಲ್ಲಿ ಉಳಿತಾಯ ಬೇಡ. ಹಳೇ ರಬ್ಬರ್ ಕಲ್ಲಾಗಿರುತ್ತದೆ.

ಚೈನ್ ಉದ್ದಕ್ಕೆ: ಡಿರೇಲರ್ ಒಳಗೆ ಹಾಯಿಸದೆ ಚೈನನ್ನು ಮುಂದಿನ ದೊಡ್ಡ ಹಲ್ಲು, ಹಿಂದಿನ ದೊಡ್ಡ ಹಲ್ಲು ಎರಡರ ಮೇಲೂ ಸುತ್ತಿ. ತುದಿಗಳು ಕೂಡುವ ಜಾಗಕ್ಕೆ ಇನ್ನೊಂದು ಇಂಚು ಸೇರಿಸಿ ಕತ್ತರಿಸಿ. ವೈರ್ ಬಿಗಿಯುವ ಮೊದಲೇ ಡಿರೇಲರ್‌ನ ಎರಡು ಮಿತಿ ಸ್ಕ್ರೂಗಳನ್ನು ಸರಿ ಮಾಡಿ. ಒಳಗಡೆಯ ಮಿತಿ ತಪ್ಪಿದರೆ ಏರಿನಲ್ಲಿ ಹಗುರದ ಗೇರ್‌ಗೆ ಎಳೆದ ಕ್ಷಣ ಡಿರೇಲರ್ ಕಡ್ಡಿಗಳೊಳಗೆ ನುಗ್ಗುತ್ತದೆ, ಗಾಲಿ, ಡಿರೇಲರ್, ಕೆಲವು ಸಲ ಡಿರೇಲರ್ ನೇತುಹಾಕುವ ಫ್ರೇಮಿನ ಕಿವಿ ಎಲ್ಲಾ ಒಟ್ಟಿಗೆ ಹೋಗುತ್ತವೆ.

ಹ್ಯಾಂಡಲ್‌ಬಾರ್ ಟೇಪ್ ಈಗಲೇ ಸುತ್ತಬೇಡಿ. ಬ್ರೇಕ್ ವೈರನ್ನು ಸುಮ್ನೆ ಇನ್ಸುಲೇಷನ್ ಟೇಪ್‌ನಿಂದ ನಾಲ್ಕು ಕಡೆ ಕಟ್ಟಿಕೊಂಡು ಅದೇ ಏರಿಗೆ ಹೋಗಿ. ವಾಪಸ್ ಬಂದು ಕ್ರ್ಯಾಂಕ್ ಬೋಲ್ಟನ್ನು ಇನ್ನೊಮ್ಮೆ ಬಿಗಿ ಮಾಡಿ, ಹೊಸ ವೈರ್ ಹಿಗ್ಗಿರುತ್ತದೆ, ಅದನ್ನೂ ಎಳೆದು ಕಟ್ಟಿ. ಏರಿನಲ್ಲಿ ಮತ್ತೆ 15 ಸೆಕೆಂಡ್ ಎಣಿಸಿರುತ್ತೀರಿ ಅಲ್ವಾ, 17ರ ಆಸುಪಾಸು ಬಂದಿದ್ದರೆ ಟೇಪ್ ಸುತ್ತಿ. 14, 15ಕ್ಕೇ ನಿಂತಿದ್ದರೆ ಹಿಂದಿನ 30ನ್ನು 32 ಮಾಡಿ, ಅಷ್ಟು ದಿನ ಟೇಪ್ ಕಾಯಲಿ.